ಮನೆಯ ಹುಡುಗ ತಾನೆ

ನನ್ನ ಸೋದರಮಾವನಿಗೆ ಮಗಳು ಹುಟ್ಟಿದಾಗ ನನಗೆ ಹದಿನಾಲ್ಕು ವರ್ಷ, ನನ್ನ ತಮ್ಮನಿಗೆ ಇನ್ನೂ ನಾಲ್ಕು. ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಅಜ್ಜಿ ತಮ್ಮನನ್ನು ಎತ್ತಿಕೊಂಡು ಬಂದು, ಅವನ ಕೈ ಹಿಡಿದು ತೊಟ್ಟಿಲಿನ ಮೇಲಿಟ್ಟು, "ನೋಡ್ಲಾ, ನಿನ್ನ ಹೆಂಡ್ತಿ. ತೂಗು" ಅಂದಿದ್ದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮ್ಮ ಕಡೆ ಇದೇನೂ ವಿಶೇಷವಲ್ಲ. ಅತ್ತೆ ಮಗ, ಮಾವನ ಮಗಳು ಅಂದರೆ ಮದುವೆಯಾಗುವ ಸಂಬಂಧ. ಅವಳು ಮಾತು ಕಲಿತ ದಿನದಿಂದ ತಮ್ಮನನ್ನು ಬಾವ ಅಂದಳು, ನನ್ನನ್ನು ಅತ್ತಿಗೆ ಅಂದಳು. ಹಬ್ಬಕ್ಕೆ ಅವರ ಮನೆಗೆ ಹೋದರೆ ನಮ್ಮ ಅತ್ತೆ, ಅಂದರೆ ಅವಳ ತಾಯಿ, "ನಿನ್ನ ಗಂಡ ಬಂದ ಕಣೇ, ನೀರು ಕೊಡು" ಅಂತ ಕೂಗುತ್ತಿದ್ದರು. ಅವಳು ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳುವಳು. ಇವನು ಕೋಪ ಮಾಡಿಕೊಂಡು ಹೊರಗೆ ಓಡುವನು. ಅದನ್ನು ನೋಡುವುದೇ ನಮಗೆ ಒಂದು ತಮಾಷೆ. ಅವಳು ದೊಡ್ಡವಳಾದಾಗ ಆರತಿ ಮಾಡಿದ ದಿನವೂ ಹೆಂಗಸರು ತಮ್ಮನ ಹೆಸರು ಹೇಳಿಯೇ ಅವಳನ್ನು ಕಾಡಿಸಿದ್ದರು. ಅವಳಿಗಾಗ ಹದಿಮೂರು. ಆ ದಿನ ಅವಳು ನಾಚಿದ್ದನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ನಾನು ನರ್ಸ್. ಮದುವೆಯಾಗಿ ಅರಸೀಕೆರೆಯಲ್ಲಿದ್ದೇನೆ. ದಿನಾ ಬೆಳಿಗ್ಗೆ ಜಾವಗಲ್ ಕಡೆಯ ಬಸ್ಸು ಹತ್ತಿ ನನ್ನ ಆಸ್ಪತ್ರೆಗೆ ಹೋಗುತ್ತೇನೆ. ಆಸ್ಪತ್ರೆ ಅಂದರೆ ನಾಲ್ಕು ಕೋಣೆಯ ಪ್ರಾಥಮಿಕ ಆರೋಗ್ಯ ಕೇಂದ್ರ. ಸುತ್ತಲ ಹಳ್ಳಿಗಳ ಬಸುರಿಯರ ತಪಾಸಣೆ, ಮಕ್ಕಳ ಲಸಿಕೆ, ಆಮೇಲೆ ಹೈಸ್ಕೂಲುಗಳಿಗೆ ಹೋಗಿ ಹೆಣ್ಣುಮಕ್ಕಳಿಗೆ ಕಬ್ಬಿಣಾಂಶದ ನೀಲಿ ಮಾತ್ರೆ ಕೊಟ್ಟು ನಾಲ್ಕು ಮಾತು ಹೇಳುವುದು ನನ್ನ ಕೆಲಸ. ಆ ನಾಲ್ಕು ಮಾತಿನ ವಿಷಯ ಹೇಳಬೇಕು. ನಮಗೆ ಕೊಟ್ಟ ತರಬೇತಿಯಲ್ಲಿ ಎಲ್ಲವೂ ಇತ್ತು. ಗರ್ಭ ಹೇಗೆ ನಿಲ್ಲುತ್ತದೆ, ಯಾರಾದರೂ ಮೈ ಮುಟ್ಟಿದರೆ ಏನು ಮಾಡಬೇಕು, ಕಾನೂನು ಏನು ಹೇಳುತ್ತದೆ, ಎಲ್ಲ. ಮೊದಲ ವರ್ಷ ನಾನು ಚಿತ್ರದ ಹಾಳೆಗಳನ್ನು ಹಿಡಿದುಕೊಂಡೇ ಹೋಗಿದ್ದೆ. ಆ ಶಾಲೆಯ ಹೆಡ್‌ಮಾಸ್ಟರು ಒಳ್ಳೆಯವರು, ಮರ್ಯಾದಸ್ಥರು. ಹಾಳೆಗಳನ್ನು ಒಂದು ಸಲ ನೋಡಿ ಸುತ್ತಿ ವಾಪಸು ಕೊಟ್ಟರು.

"ಸಿಸ್ಟರ್, ಪ್ಯಾಡ್ ವಿಷಯ ಹೇಳಿ, ಸೊಪ್ಪು ತಿನ್ನೋಕೆ ಹೇಳಿ. ಬೇರೆದೆಲ್ಲಾ ಬೇಡ. ನಾಳೆ ಇವರಪ್ಪಂದಿರು ಬಂದು ನನ್ನ ಕೇಳ್ತಾರೆ."

ಆಗಲಿ ಸಾರ್ ಅಂದೆ. ಒಳಗೆ ಹಗುರವೂ ಆಯಿತು. ಅದನ್ನೇಕೆ ಮುಚ್ಚಿಡಲಿ, ಅರವತ್ತು ಹುಡುಗಿಯರ ಎದುರು ನಿಂತು ಆ ಮಾತು ಆಡುವುದಕ್ಕೆ ನನಗೂ ನಾಲಿಗೆ ಏಳುತ್ತಿರಲಿಲ್ಲ. ಮುಂದಿನ ವರ್ಷದಿಂದ ಹಾಳೆಗಳನ್ನು ಒಯ್ಯುವುದನ್ನೇ ಬಿಟ್ಟೆ. ಮಾವನ ಮಗಳು ಓದುತ್ತಿದ್ದದ್ದೂ ಅದೇ ಶಾಲೆಯಲ್ಲಿ. ನಾನು ಸೊಪ್ಪಿನ ಮಾತು ಹೇಳುವಾಗ ಅವಳು ಎರಡನೆಯ ಸಾಲಿನಲ್ಲಿ ಕೂತು, ನಮ್ಮ ಅತ್ತಿಗೆ ಅನ್ನುವ ಹೆಮ್ಮೆಯಿಂದ ಅಕ್ಕಪಕ್ಕದವರನ್ನು ನೋಡುತ್ತಿದ್ದಳು.

ಅವಳು ಹತ್ತನೇ ಕ್ಲಾಸಿಗೆ ಬಂದ ವರ್ಷ ಸಂಜೆ ಆರರ ತನಕ ಸ್ಪೆಷಲ್ ಕ್ಲಾಸ್ ಶುರುವಾಯಿತು. ಅವರ ಊರಿಗೆ ಹೋಗುವ ಬಸ್ಸು ಹಳೇಬೀಡಿನಿಂದ ಐದಕ್ಕೇ ಹೊರಟು ಶಾಲೆ ದಾಟಿಬಿಡುತ್ತದೆ. ಆಮೇಲೆ ಬಸ್ಸಿಲ್ಲ. ಮೂರು ಮೈಲಿ ತೋಟದ ನಡುವಿನ ದಾರಿ. ಮಾವ ಒಬ್ಬಳನ್ನೇ ನಡೆಸಲು ಒಪ್ಪಲಿಲ್ಲ. ಕ್ಲಾಸು ಬಿಡಿಸಿಬಿಡೋಣ ಅಂತ ಮಾತು ಬಂದಾಗ ಅವಳು ಎರಡು ದಿನ ಊಟ ಬಿಟ್ಟಳು. ಕೊನೆಗೆ ದಾರಿ ಹೇಳಿದ್ದು ನಾನೇ.

ತಮ್ಮ ಲಗೇಜ್ ಆಟೋ ಓಡಿಸುತ್ತಿದ್ದ. ಬೆಳಿಗ್ಗೆ ತೆಂಗಿನಕಾಯಿ ತುಂಬಿಕೊಂಡು ಅರಸೀಕೆರೆಗೆ ಹೋದವನು ಸಂಜೆ ಖಾಲಿ ಗಾಡಿಯಲ್ಲಿ ಅದೇ ದಾರಿಯಲ್ಲಿ ಬರುತ್ತಿದ್ದ. "ಇವನ ಗಾಡೀಲಿ ಬರ್ಲಿ ಬಿಡಿ ಮಾವ" ಅಂದೆ.

ಮಾವ ಒಂದು ಗಳಿಗೆ ಯೋಚಿಸಿದ. ಅತ್ತೆಯೇ ಅಂದರು, "ಮನೆ ಹುಡುಗ ತಾನೆ. ಯಾರೋ ದಾರೀಲಿ ಹೋಗೋನಾ?"

ಅತ್ತೆ ಆಗ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಬೆಳಿಗ್ಗೆ ಏಳಕ್ಕೆ ವ್ಯಾನು ಬಂದರೆ ತಿರುಗಿ ಮನೆ ಸೇರುವಾಗ ರಾತ್ರಿ ಎಂಟಾಗುತ್ತಿತ್ತು. ಮಾವ ಹೊಲ, ತೋಟ, ಡೈರಿ ಅಂತ ಅವನ ಪಾಡಿಗೆ ಅವನು. ಹುಡುಗಿ ಆರೂವರೆಗೆ ಮನೆಗೆ ಬಂದು ಬೀಗ ತೆಗೆದು, ದೀಪ ಹಚ್ಚಿ, ಅನ್ನಕ್ಕೆ ಇಡುವಳು. ತಮ್ಮ ಅವಳನ್ನು ಇಳಿಸಿ ಹೊರಡುವ ಬದಲು ಕಾಫಿ ಕುಡಿದು ಹೋಗತೊಡಗಿದ. ಅಕ್ಕಪಕ್ಕದವರು ಕಂಡಿದ್ದರು. ಯಾರೂ ಏನೂ ಅನ್ನಲಿಲ್ಲ. ಬೇರೆ ಹುಡುಗನಾಗಿದ್ದರೆ ಮೊದಲ ದಿನವೇ ಊರಿಗೆಲ್ಲ ಸುದ್ದಿಯಾಗುತ್ತಿತ್ತು.

ದೀಪಾವಳಿಗೆ ಅವರ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗಿ ನನ್ನನ್ನು ಹತ್ತಿರ ಕರೆದಳು. "ಅತ್ತಿಗೆ, ನಂಗೆ ಎರಡು ತಿಂಗಳಿಂದ ಆಗಿಲ್ಲ."

ನಾನು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಬಿಳಿಚಿಕೊಂಡಿತ್ತು. "ರಕ್ತ ಇಲ್ಲ ಕಣೇ ನಿಂಗೆ. ಪರೀಕ್ಷೆ ಟೆನ್ಷನ್ ಬೇರೆ. ಮಾತ್ರೆ ಸರಿಯಾಗಿ ತಗೋತಿದೀಯಾ?"

"ತಗೋತೀನಿ."

"ಸುಳ್ಳು ಹೇಳ್ಬೇಡ. ಕಿಟಕಿಯಿಂದ ಆಚೆ ಎಸೀತೀರ ನೀವೆಲ್ಲ, ನಂಗೊತ್ತು."

ಅವಳು ನಕ್ಕಳು. ಇನ್ನೂ ಏನೋ ಕೇಳುವವಳ ಹಾಗೆ ನಿಂತಿದ್ದಳು. ಒಳಗಿನಿಂದ ಅತ್ತೆ ಕಜ್ಜಾಯ ತಿನ್ನಲು ಕರೆದರು, ನಾನು ಎದ್ದು ಹೋದೆ. ಹೊರಡುವಾಗ ಬ್ಯಾಗಿನಿಂದ ಇನ್ನೊಂದು ಪಟ್ಟಿ ಮಾತ್ರೆ ತೆಗೆದು ಅವಳ ಕೈಗೆ ಕೊಟ್ಟೆ.

ಬೇರೆ ಯಾವ ಹುಡುಗಿ ಆಸ್ಪತ್ರೆಗೆ ಬಂದು ಅದೇ ಮಾತು ಹೇಳಿದ್ದರೂ ನಾನು ಬಾಗಿಲು ಹಾಕಿಕೊಂಡು ನಾಲ್ಕು ಪ್ರಶ್ನೆ ಕೇಳುತ್ತಿದ್ದೆ. ಅದು ನನ್ನ ಕೈಗೆ, ಬಾಯಿಗೆ ಅಭ್ಯಾಸವಾದ ಕೆಲಸ. ಇವಳನ್ನು ಕೇಳಲಿಲ್ಲ. ಅನುಮಾನ ಬಂದು ಅದನ್ನು ಅದುಮಿಟ್ಟೆ ಅಂತಲ್ಲ. ಅನುಮಾನವೇ ಬರಲಿಲ್ಲ. ನಮ್ಮ ಮನೆಯ ಹುಡುಗಿ ಅಲ್ಲವೇ.

ಜನವರಿಯಲ್ಲಿ ಒಂದು ಬೆಳಿಗ್ಗೆ ಶಾಲೆಯ ಪ್ರಾರ್ಥನೆಯಲ್ಲಿ ಅವಳು ತಲೆಸುತ್ತಿ ಬಿದ್ದಳು. ಟೀಚರೊಬ್ಬರು ಅವಳನ್ನು ಆಟೋದಲ್ಲಿ ನಮ್ಮ ಆಸ್ಪತ್ರೆಗೆ ಕರೆತಂದು ಬಿಟ್ಟು, ಕ್ಲಾಸಿದೆ ಅಂತ ಹೊರಟರು. ಡಾಕ್ಟರು ಮೀಟಿಂಗಿಗೆ ಅರಸೀಕೆರೆಗೆ ಹೋಗಿದ್ದರು. ನಾನೊಬ್ಬಳೇ ಇದ್ದೆ. ಅವಳನ್ನು ಮಂಚದ ಮೇಲೆ ಮಲಗಿಸಿ ಬಿ.ಪಿ. ನೋಡಲು ಸ್ವೆಟರ್ ಬಿಚ್ಚಿಸಿದೆ. ಚಳಿಗಾಲದ ಸ್ವೆಟರು ಎಲ್ಲರ ಕಣ್ಣಿಂದಲೂ ಮುಚ್ಚಿಟ್ಟದ್ದು ಆಗ ಕಾಣಿಸಿತು. ಎಂಟು ವರ್ಷದಿಂದ ಬಸುರಿಯರ ಹೊಟ್ಟೆ ಮುಟ್ಟಿ ತಿಂಗಳು ಹೇಳುವ ಕೈ ನನ್ನದು. ಆದರೂ ಕಿಟ್ ತಂದೆ. ಕೆಂಪು ಗೆರೆ ಎರಡು ಮೂಡಿದವು. ಇನ್ನೊಂದು ಕಿಟ್ ತೆಗೆದೆ. ಅದರಲ್ಲೂ ಎರಡು.

"ಯಾರು?" ಅಂತ ಕೇಳಿದಾಗ ನನ್ನ ದನಿ ಗಡಸಾಗಿತ್ತು.

ಅವಳು ಹೆದರಲಿಲ್ಲ. ನಾನು ಯಾಕೆ ಹಾಗೆ ಕೇಳುತ್ತಿದ್ದೇನೆ ಅನ್ನುವುದೇ ತಿಳಿಯದ ಹಾಗೆ ನನ್ನ ಮುಖ ನೋಡಿದಳು. "ಬಾವ."

"ಯಾವ ಬಾವ?"

"ನಮ್ಮ ಬಾವನೇ ಅತ್ತಿಗೆ. ಇನ್ಯಾರು?"

ನಾನು ಸ್ಟೂಲಿನ ಮೇಲೆ ಕೂತೆ. ಅವಳೇ ಮಾತು ಮುಂದುವರಿಸಿದಳು. "ಬೇಡ ಅಂದೆ ನಾನು ಮೊದ್ಲು. ಹೆಂಗೂ ಮದ್ವೆ ಆಗೋರು ತಾನೆ ಅಂದ. ನೀವೆಲ್ಲ ಹಂಗೇ ಅಂತಿದ್ರಲ್ಲ." ಬಿಚ್ಚಿದ ಸ್ವೆಟರನ್ನು ಮಡಿಚುತ್ತಾ ಕೇಳಿದಳು, "ಅತ್ತಿಗೆ, ನನ್ನ ಪರೀಕ್ಷೆಗೆ ಕೂರಿಸ್ತಾರಾ?"

ಹೊಟ್ಟೆಯಲ್ಲಿ ಮಗು ಇರುವುದು ನಿನಗೆ ಗೊತ್ತಿತ್ತೇನೇ ಅಂದೆ. ಡಿಸೆಂಬರಿನಲ್ಲಿ ಒಳಗೆ ಏನೋ ಅಲುಗಿದ ಹಾಗಾಗಿ ಭಯವಾಯಿತಂತೆ. ಹೊಟ್ಟೆಹುಳ ಅಂದುಕೊಂಡಳಂತೆ. ಮದುವೆಯಾಗದೆ, ತಾಳಿ ಕಟ್ಟದೆ ಮಗು ಆಗುವುದಿಲ್ಲ ಅಂತ ಅವಳು ನಂಬಿದ್ದಳು. ಜೀವಶಾಸ್ತ್ರದ ಆ ಪಾಠವನ್ನು ಮೇಷ್ಟ್ರು ಮನೆಯಲ್ಲಿ ಓದಿಕೊಳ್ಳಿ ಅಂದಿದ್ದರಂತೆ. ಅವಳು ಓದಿಯೂ ಇದ್ದಳು. ಚಿತ್ರ ಬರೆದು ಭಾಗಗಳ ಹೆಸರನ್ನೂ ತಪ್ಪಿಲ್ಲದೆ ಗುರುತಿಸಬಲ್ಲಳು. ಆ ಚಿತ್ರ ತನ್ನ ಮೈಯದೇ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಅವಳನ್ನು ಅಮ್ಮನ ಮನೆಗೆ ಕರೆದುಕೊಂಡು ಹೋದೆ. ಮಾವ, ಅತ್ತೆ ಬಂದರು. ತಮ್ಮನಿಗೂ ಫೋನು ಮಾಡಿದ್ದೆ. ವಿಷಯ ಕೇಳಿ ಅತ್ತೆ ನೆಲದ ಮೇಲೆ ಕುಸಿದು ಮಗಳಿಗೆ ಎರಡೇಟು ಹಾಕಿದರು. ಮಾವ ತಮ್ಮನನ್ನು ಹೊಡೆಯಲು ಎದ್ದವನು ಅರ್ಧದಲ್ಲೇ ನಿಂತುಬಿಟ್ಟ. ಅಳಿಯ ಅಂತ ಎತ್ತಿ ಆಡಿಸಿದ ಹುಡುಗ. ತಮ್ಮ ಗೋಡೆಗೆ ಒರಗಿ ನೆಲ ನೋಡುತ್ತಿದ್ದ.

"ನಾನೇನು ಬಿಟ್ಟು ಓಡೋಗ್ತೀನಾ? ಇವತ್ತೇ ತಾಳಿ ಕಟ್ಟು ಅಂದ್ರೂ ಕಟ್ತೀನಿ" ಅಂದ.

"ಅವಳಿಗೆ ಹದಿನೈದು ಕಣೋ. ಜೈಲಿಗೆ ಹೋಗ್ತೀಯ."

"ಯಾಕೆ? ಮಾವನ ಮಗಳು ತಾನೆ?" ಅಂತ ಅವನು ನನ್ನನ್ನು ನೋಡಿದ. ನಾಟಕ ಆಡಿದ್ದಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಅವಳು ಬೇಡ ಅಂದದ್ದು ನೆನಪಿದೆಯಾ ಅಂತ ಕೇಳಿದೆ. ಅವನು ಮತ್ತೆ ನೆಲ ನೋಡಿದ.

ಅಮ್ಮ ಅಳಲಿಲ್ಲ. ಅವಳು ಆಗಲೇ ಮುಂದಿನದನ್ನು ಯೋಚಿಸಿದ್ದಳು. "ನಾಳಿದ್ದು ಮಾಲೇಕಲ್ಲಿಗೆ ಕರ್ಕೊಂಡೋಗಿ, ದೇವರ ಮುಂದೆ ಕಟ್ಟಿಸಿಬಿಡಾಣ. ನಾಲ್ಕು ಜನ ಸಾಕು. ನೀನು ತಾಯಿ ಕಾರ್ಡಲ್ಲಿ ಹತ್ತೊಂಬತ್ತು ಅಂತ ಬರ್ಕೋ. ಯಾರು ಕೇಳ್ತಾರೆ?"

"ಅಮ್ಮ, ಆಗಲ್ಲ."

"ಯಾಕಾಗಲ್ಲ? ನಿನ್ನ ಹೆತ್ತಾಗ ನಂಗೆ ಹದಿನಾರು. ನಾನೇನು ಸತ್ತೋದ್ನಾ? ಅವನು ಹೊರಗಿನೋನಲ್ಲ, ಕೈ ಬಿಡ್ತೀನಿ ಅಂತಿಲ್ಲ. ಇನ್ನೇನು ಬೇಕು ನಿಂಗೆ?"

ಅದಕ್ಕೆ ಉತ್ತರ ಕೊಡಬೇಕಾಗಿದ್ದರೆ ಯಾರಿಗೂ ಹೇಳದ ಒಂದು ವಿಷಯ ಹೇಳಬೇಕಾಗುತ್ತಿತ್ತು. ಅದಕ್ಕೆ ಎರಡು ವರ್ಷದ ಹಿಂದೆ ಒಬ್ಬಳು ಹುಡುಗಿಯನ್ನು ಅವಳ ಅತ್ತೆ ನಮ್ಮಲ್ಲಿಗೆ ಕರೆತಂದಿದ್ದಳು. ಹತ್ತೊಂಬತ್ತು ಅಂದರು. ಆಧಾರ್ ತಂದಿಲ್ಲ ಅಂದರು. ಆ ಹುಡುಗಿಯ ಜಡೆಯಲ್ಲಿ ಇನ್ನೂ ಶಾಲೆಯ ರಿಬ್ಬನ್ ಇತ್ತು. ನಾನು ಕಂಡೂ ಹತ್ತೊಂಬತ್ತು ಅಂತಲೇ ಬರೆದೆ. ಎಂಟನೇ ತಿಂಗಳಲ್ಲಿ ಅವಳಿಗೆ ಬಿ.ಪಿ. ಏರಿ ಫಿಟ್ಸ್ ಬಂತು. ಹಾಸನಕ್ಕೆ ಸಾಗಿಸುವಾಗ ಆಂಬುಲೆನ್ಸಿನಲ್ಲಿ ಜೊತೆಗೆ ನಾನೇ ಇದ್ದೆ. ಹಾಸನ ಮುಟ್ಟುವ ಮೊದಲೇ ಅವಳು ಹೋದಳು. ಆಮೇಲೆ ಕಾಗದದಲ್ಲೆಲ್ಲ ಮೃತಳ ವಯಸ್ಸು ಹತ್ತೊಂಬತ್ತು ಅಂತಲೇ ಬಂತು. ನನ್ನ ಕೈಬರಹ ನೋಡಿ ಬರೆದುಕೊಂಡದ್ದು.

ಹನ್ನೊಂದಾದರೂ ಇರಬೇಕಾಗಿದ್ದ ಮಾವನ ಮಗಳ ರಕ್ತ ಆ ದಿನ ಏಳು ಚಿಲ್ಲರೆ ಇತ್ತು. ಕಾಲು ಊದಿ, ಒತ್ತಿದರೆ ಗುಳಿ ಬೀಳುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಡಾಕ್ಟರು ಬಂದ ಕೂಡಲೇ ಅವರ ಕೋಣೆಗೆ ಹೋಗಿ ಹೇಳಿದೆ. ಅವರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲ ಕೇಳಿಸಿಕೊಂಡು, "ಹುಡುಗ ಯಾರು ಅಂತ ಗೊತ್ತಾ ಸಿಸ್ಟರ್?" ಅಂದರು.

"ನನ್ನ ತಮ್ಮ."

ಅವರು ಪೆನ್ನು ಕೆಳಗಿಟ್ಟರು. "ನೀವು ಮನೆಗೆ ಹೋಗಿ. ಪೊಲೀಸಿಗೆ ನಾನು ಬರೀತೀನಿ" ಅಂದರು. ನಾನು ಹೋಗಲಿಲ್ಲ. ಅವತ್ತು ಲಸಿಕೆಯ ದಿನ. ಹೊರಗೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ಕೂತಿದ್ದರು. ಸಂಜೆಯ ತನಕ ಇಂಜೆಕ್ಷನ್ ಕೊಟ್ಟೆ.

ಪೊಲೀಸರು ತಮ್ಮನನ್ನು ಅಮ್ಮನ ಎದುರಿಗೇ ಕರೆದುಕೊಂಡು ಹೋದರು. ಅವನು ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲವಂತೆ. ಅಮ್ಮ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ನಾನು ಫೋನು ಮಾಡಿದರೆ ಎತ್ತಿ, ನನ್ನ ದನಿ ಕೇಳಿ, ಇಟ್ಟುಬಿಡುತ್ತಾಳೆ. ನನ್ನ ಗಂಡ ಮಾತ್ರ ಒಂದು ಮಾತೂ ಆಡಲಿಲ್ಲ. ಅವರ ಕಡೆಯವರೆಲ್ಲ, "ಒಡಹುಟ್ಟಿದವನನ್ನೇ ಹಿಡಿದುಕೊಟ್ಟವಳು" ಅಂತ ನನ್ನ ಬೆನ್ನ ಹಿಂದೆ ಅನ್ನುವುದು ನನಗೆ ಗೊತ್ತು.

ಹುಡುಗಿಯನ್ನು ಹಾಸನದ ಬಾಲಮಂದಿರದಲ್ಲಿ ಇರಿಸಿದರು. ಗರ್ಭ ತೆಗೆಸುವ ಮಾತು ಬಂದಿತ್ತು. ತಿಂಗಳು ತುಂಬಾ ಮುಂದೆ ಹೋಗಿದೆ, ರಕ್ತವಿಲ್ಲ, ಅಪಾಯ ಅಂದರು ಅಲ್ಲಿಯ ದೊಡ್ಡ ಡಾಕ್ಟರು. ಅತ್ತೆ ಮಾವ ಯಾವ ಕಾಗದಕ್ಕೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವಳನ್ನು ಯಾರಾದರೂ ಕೇಳಿದರೋ ಇಲ್ಲವೋ ನನಗೆ ತಿಳಿಯದು. ಪರೀಕ್ಷೆಗೆ ಕೂರಿಸಲು ಬಾಲಮಂದಿರದ ಮೇಡಂ ಓಡಾಡಿ ಹಾಸನದಲ್ಲೇ ವ್ಯವಸ್ಥೆ ಮಾಡಿಸಿದರು. ಮೊದಲ ಎರಡು ಪೇಪರು ಬರೆದಳು. ಮೂರನೆಯ ದಿನ ಹೋಗುವುದಿಲ್ಲ ಅಂದಳಂತೆ. ಕೋಣೆಯಲ್ಲಿ ಹುಡುಗಿಯರು ಪ್ರಶ್ನೆಪತ್ರಿಕೆ ಬಿಟ್ಟು ಇವಳನ್ನೇ ತಿರುಗಿ ತಿರುಗಿ ನೋಡುತ್ತಿದ್ದರಂತೆ. ಮೂರನೆಯದು ಗಣಿತ, ಅವಳಿಗೆ ತುಂಬಾ ಇಷ್ಟದ ವಿಷಯ.

ನಮ್ಮ ಶಾಲೆಯ ಹೆಡ್‌ಮಾಸ್ಟರು ಒಮ್ಮೆ ಆಸ್ಪತ್ರೆಗೆ ಬಂದಿದ್ದರು. ಶಾಲೆಯ ಹೆಸರು ಎಲ್ಲೂ ಬರದ ಹಾಗೆ ನೋಡಿಕೊಳ್ಳಿ ಅಂದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಆ ಹಾಳೆಗಳು ಇನ್ನೂ ಇದಾವಾ ಸಿಸ್ಟರ್?" ಅಂತ ಕೇಳಿದರು. ಇದಾವೆ ಸಾರ್ ಅಂದೆ. ಜೂನ್‌ನಲ್ಲಿ ಹೋಗಿ ಹುಡುಗಿಯರನ್ನೂ ಹುಡುಗರನ್ನೂ ಬೇರೆ ಬೇರೆ ಕೂರಿಸಿ ಎಲ್ಲ ಹೇಳಿದೆ. ಆದರೆ ಅಷ್ಟು ಹೊತ್ತಿಗೆ ಸುದ್ದಿ ಹಳ್ಳಿಹಳ್ಳಿಗೂ ಮುಟ್ಟಿ, ಮೂರು ಹುಡುಗಿಯರನ್ನು ಮನೆಯವರು ಶಾಲೆಯಿಂದ ಬಿಡಿಸಿದ್ದರು. ಅವರಲ್ಲಿ ಒಬ್ಬಳಿಗೆ ಆಷಾಢ ಹುಟ್ಟುವ ಮೊದಲೇ ಗುಟ್ಟಾಗಿ ಮದುವೆಯಾಯಿತು. ಮಾನ ಹೋಗುವ ಮೊದಲು ದಾಟಿಸಿಬಿಡುತ್ತೇವೆ ಅಂದರಂತೆ. ಆ ಮದುವೆ ನನಗೆ ಗೊತ್ತಾಗಿದ್ದು ಆದ ಒಂದು ವಾರಕ್ಕೆ.

ಅದಕ್ಕೂ ಮೊದಲೇ ಮೇ ಕೊನೆಯಲ್ಲಿ, ದಿನ ತುಂಬುವ ಮುಂಚೆ, ಹುಡುಗಿಗೆ ಹೆರಿಗೆಯಾಗಿತ್ತು. ಹೆಣ್ಣು. ಎರಡು ಕೆಜಿಗೂ ಕಡಿಮೆ. ಎರಡು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ತಾಯಿಗೆ ಮೂರು ಬಾಟಲಿ ರಕ್ತ ಕೊಟ್ಟರು. ಬದುಕಿದಳು. ಮಗುವನ್ನು ಬೇರೆಯವರಿಗೆ ಕೊಡುವ ಮಾತಿಗೆ ನಮ್ಮ ಅತ್ತೆ ಒಪ್ಪಲಿಲ್ಲ. ಗಾರ್ಮೆಂಟ್ಸ್ ಬಿಟ್ಟು ಮಗಳನ್ನೂ ಮೊಮ್ಮಗಳನ್ನೂ ಮನೆಗೆ ಕರೆತಂದರು. ಈಗ ಅವರು ಇಡೀ ದಿನ ಮನೆಯಲ್ಲೇ ಇರುತ್ತಾರೆ.

ತಮ್ಮ ಕೆಲವು ತಿಂಗಳಾದ ಮೇಲೆ ಜಾಮೀನಿನ ಮೇಲೆ ಬಂದ. ಹುಡುಗಿಯ ಮನೆಯ ಕಡೆ ಹೋಗಕೂಡದು ಅಂತ ಕೋರ್ಟು ಹೇಳಿದೆ. ಕೇಸು ಇನ್ನೂ ನಡೆಯುತ್ತಿದೆ. ನನ್ನದೂ ಸಾಕ್ಷಿ ಇದೆ. ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಲ ಎದುರಾದ. ಗಡ್ಡ ಬಿಟ್ಟಿದ್ದ, ಬಡಕಲಾಗಿದ್ದ. "ಅಕ್ಕ" ಅಂದ. ನನ್ನ ಬಸ್ಸು ಬಂತು, ನಾನು ಹತ್ತಿದೆ. ಅವನನ್ನು ಎತ್ತಿ ಬೆಳೆಸಿದವಳು ನಾನು. ಅವನು ಮಾಡಿದ್ದು ಸಣ್ಣ ತಪ್ಪಲ್ಲ, ಅದು ನನಗೆ ಗೊತ್ತು. ಆದರೂ ಅವನ ಎದುರು ನಿಂತಾಗ ನಾನೂ ಅದೇ ಕಟಕಟೆಯಲ್ಲಿ ನಿಂತ ಹಾಗೆ ಅನ್ನಿಸುತ್ತದೆ.

ಕಳೆದ ತಿಂಗಳು ಲಸಿಕೆಯ ದಿನ ಹುಡುಗಿ ಒಬ್ಬಳೇ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಮಗುವಿಗೆ ಒಂದೂವರೆ ವರ್ಷ ತುಂಬಿದೆ. ಅವಳಿಗೆ ಹದಿನೇಳು. ಸಾಲಿನಲ್ಲಿ ಬೇರೆ ತಾಯಂದಿರಿಂದ ಸ್ವಲ್ಪ ದೂರ ಕೂತಿದ್ದಳು. ಸರದಿ ಬಂದಾಗ, "ಸಿಸ್ಟರ್, ಹೋದ ಸಲ ಜ್ವರ ಬಂದಿತ್ತು ಇದಕ್ಕೆ" ಅಂದಳು. ಈಗ ಅವಳು ನನ್ನನ್ನು ಸಿಸ್ಟರ್ ಅಂತಲೇ ಕರೆಯುವುದು.

ಮಗುವಿನ ಕಾಲು ಹಿಡಿದು ಸೂಜಿ ಚುಚ್ಚಿದೆ. ಮಗು ಕಿರುಚಿತು. ಅವಳು ಎದೆಗೆ ಒತ್ತಿಕೊಂಡು ಬೆನ್ನು ತಟ್ಟುತ್ತಾ ನಿಂತಳು. ಜನ ಕರಗಿದ ಮೇಲೆ ನಾನೇ ಹೊರಗೆ ಹೋಗಿ ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ.

"ಮತ್ತೆ ಪರೀಕ್ಷೆ ಕಟ್ಟು. ಪುಸ್ತಕ ನಾನು ತಂದ್ಕೊಡ್ತೀನಿ."

"ನೋಡಾಣ."

"ನನ್ನ ಮೇಲೆ ಕೋಪಾನಾ?"

"ಪೊಲೀಸಿಗೆ ಹೇಳಿದ್ದಕ್ಕಾ? ಅದಕ್ಕಿಲ್ಲ." ಮಗುವಿನ ಮೂಗನ್ನು ಸೆರಗಿನಿಂದ ಒರೆಸಿದಳು. "ದೀಪಾವಳೀಲಿ ಹಿತ್ತಲಲ್ಲಿ ನಿಮ್ಮನ್ನ ಕೇಳೋಕೆ ಅಂತ ಎಷ್ಟು ದಿನದಿಂದ ಕಾಯ್ಕೊಂಡಿದ್ದೆ ಗೊತ್ತಾ. ನೀವು ಕಜ್ಜಾಯ ತಿನ್ನೋಕೆ ಎದ್ದೋದ್ರಿ."

ತಪ್ಪಾಯ್ತು ಅಂದೆ. ಬಸ್ಸಿನ ಹಾರ್ನು ಕೇಳಿಸಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದಳು. "ಜ್ವರ ಬಂದ್ರೆ ಎಷ್ಟು ಹನಿ ಹಾಕ್ಬೇಕು?" ಅಂತ ಕೇಳಿದಳು. ಹೇಳಿದೆ. ಮರೆಯದ ಹಾಗೆ ಅದನ್ನು ಎರಡು ಸಲ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾ ರಸ್ತೆಯ ಕಡೆ ಹೋದಳು.